ಬಣ್ಣದ ಮನೆಯ ದೊಡ್ಡವ್ವ

ವಿರೂಪಮ್ಮನ ಮನೆಗೆ ನಮ್ಮ ಓಣಿಯಲ್ಲಿ ಬಣ್ಣದ ಮನೆ ಅಂತಲೇ ಹೆಸರು. ಹಾಗಂತ ಅದರ ಗೋಡೆ ಸುಣ್ಣ ಕಂಡು ಎಷ್ಟು ವರ್ಷವಾಯಿತೋ. ಆಕೆಯ ಗಂಡ ಮೈಲಾರಪ್ಪ ಬಯಲಾಟ ಆಡುವ ಹಳ್ಳಿಗಳಿಗೆ ವೇಷದ ಸಾಮಾನು ಬಾಡಿಗೆಗೆ ಒಯ್ಯುವವನು, ಅಲ್ಲೇ ಕುಳಿತು ಪಾತ್ರಧಾರಿಗಳ ಮುಖಕ್ಕೆ ಬಣ್ಣ ಬರೆಯುವವನು. ಬಳ್ಳಾರಿಯ ಕೌಲ್ ಬಜಾರಿನ ಹಿಂಭಾಗದ ಈ ಓಣಿಯಲ್ಲಿ ಬಹಳಷ್ಟು ಮನೆಗಳಲ್ಲಿ ಜೀನ್ಸ್ ಪ್ಯಾಂಟಿನ ಹೊಲಿಗೆ. ಎದುರು ಮನೆಯ ನಮ್ಮದೂ ಅದೇ. ಹಗಲೆಲ್ಲ ಮಷೀನಿನ ಸದ್ದು. ಆ ಸದ್ದು ನಿಂತಾಗ ಮಾತ್ರ ಅವರ ಮನೆಯಿಂದ ವಿರೂಪಮ್ಮನ ಗುನುಗು ಕೇಳಿಸುತ್ತಿತ್ತು. ಆಕೆ ದೊಡ್ಡದಾಗಿ ಹಾಡಿದವಳೇ ಅಲ್ಲ.

ಹಾಡು ಬಾರದೆ ಅಲ್ಲ. ಆಕೆಯ ತವರು ಕುರುಗೋಡು. ತಂದೆ ಮರಿಬಸಪ್ಪ ಬಯಲಾಟ ಕಲಿಸುವ ಮಾಸ್ತರು. ಮನೆಯ ಪಡಸಾಲೆಯಲ್ಲೇ ತಾಲೀಮು. ಊರಿನ ಗಂಡಸರು ಹೊಲದಿಂದ ಬಂದು ಕಾಲು ತೊಳೆದುಕೊಂಡು ಸಾಲಾಗಿ ಕುಳಿತು ಮಾತು ಕಲಿಯುತ್ತಿದ್ದರು. ಹುಡುಗಿ ವಿರೂಪಮ್ಮ ಅಡುಗೆಮನೆಯ ಬಾಗಿಲ ಹಿಂದೆ ರೊಟ್ಟಿ ಬಡಿಯುತ್ತ ಎಲ್ಲವನ್ನೂ ಕಲಿತುಬಿಟ್ಟಳು. ಒಮ್ಮೆ ರಾಜನ ಪಾತ್ರದವನು ನಡುವೆ ಮಾತು ಮರೆತು ನಿಂತಾಗ ಒಳಗಿನಿಂದ ಆಕೆಯೇ ಮುಂದಿನ ಸಾಲು ಹೇಳಿದಳಂತೆ. ಗಂಡಸರು ನಕ್ಕರು. ತಂದೆಯ ಮುಖ ಒಂದು ಗಳಿಗೆ ಅರಳಿತು. ಆದರೆ ಮರುದಿನದಿಂದ ತಾಲೀಮು ಶುರುವಾಗುವ ಮುಂಚೆ ಅಡುಗೆಮನೆಯ ಬಾಗಿಲು ಹಾಕಿಸುತ್ತಿದ್ದರು. "ಬಾಗಲ ಹಾಕಿದ್ರ ಹಾಡು ಒಳಗ ಬರಾದಿಲ್ಲೇನು? ಇನ್ನೂ ಲಕ್ಷ್ಯಗೊಟ್ಟು ಕೇಳಿದೆ" ಎಂದು ವಿರೂಪಮ್ಮ ನನಗೆ ಹೇಳಿದ್ದಳು. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವರೇ ಹೊರತು ಮನೆಯ ಹೆಣ್ಣು ಮಕ್ಕಳು ಆಟ ಆಡುವ ಅಟ್ಟ ಹತ್ತುವ ಮಾತೇ ಇರಲಿಲ್ಲ. ವೇಷ ತಂದು ಕೊಡುತ್ತಿದ್ದ ಮೈಲಾರಪ್ಪನಿಗೆ ಆಕೆಯನ್ನು ಕೊಟ್ಟರು. ಬಣ್ಣ, ಕಿರೀಟ ಎಲ್ಲವೂ ಕೈಗೆ ಬಂದವು. ಮುಖಕ್ಕೆ ಮಾತ್ರ ಬರಲಿಲ್ಲ.

ಮದುವೆಯಾಗಿ ಬಹಳ ವರ್ಷ ಕಳೆದರೂ ಅವರಿಗೆ ಮಕ್ಕಳಾಗಲಿಲ್ಲ. ಮುಂದಿನ ಕೋಣೆ ತುಂಬ ಟ್ರಂಕುಗಳು, ಅವುಗಳ ನಡುವೆ ಗಂಡ ಹೆಂಡತಿ ಇಬ್ಬರೇ. ಆತ ಮುರಿದ ಗದೆಗೆ ಕಾಗದ ಅಂಟಿಸುತ್ತಿದ್ದ, ಈಕೆ ಹರಿದ ಜರಿ ಹೊಲಿಯುತ್ತಿದ್ದಳು.

ಜ್ಯೋತಿ ಆ ಮನೆಗೆ ಬಂದದ್ದು ಎಳೆಗೂಸಾಗಿದ್ದಾಗ. ವಿರೂಪಮ್ಮನ ತಂಗಿ ಈರಮ್ಮನನ್ನು ಸಿರುಗುಪ್ಪ ತಾಲ್ಲೂಕಿನ ರಾರಾವಿಗೆ ಕೊಟ್ಟಿದ್ದರು. ಭತ್ತದ ಗದ್ದೆಯುಳ್ಳ ಮನೆ. ಹೆಣ್ಣು ಕೂಸು ಹುಟ್ಟಿದ ಕೆಲವೇ ದಿನಗಳಲ್ಲಿ ಈರಮ್ಮನಿಗೆ ಕಾಮಾಲೆಯಾಯಿತು. ಆಕೆಯ ಗಂಡ ಹುಲುಗೇಶ ಕೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಬಂದ.

"ಈರಮ್ಮ ಎದ್ದು ಕುಂದ್ರಂಗಿಲ್ರಿ ಅಕ್ಕಾರ. ಅವ್ವಗ ಹೊಲ ಮನಿ ಎಲ್ಡೂ ನೋಡಾಕ ಆಗವಲ್ದು. ಒಂದೆಲ್ಡ್ ತಿಂಗಳ ನೀವು ಇಟ್ಕೊಂಡ್ರ..."

"ಅದನ್ನ ಕೇಳಬೇಕೇನಪ? ಕೊಡು ಇಲ್ಲೆ" ಎಂದು ವಿರೂಪಮ್ಮ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡು ಕೈ ಚಾಚಿದಳು.

ಈರಮ್ಮ ಚೇತರಿಸಿಕೊಳ್ಳುವಷ್ಟರಲ್ಲಿ ಮತ್ತೆ ಬಸುರಿಯಾದಳು. ಆಮೇಲೆ ಗಂಡು ಮಗು ಹುಟ್ಟಿತು. ಆಮೇಲೆ ನಾಟಿ, ಆಮೇಲೆ ಕಟಾವು. ಕೂಸನ್ನು ಒಯ್ಯುವ ಮಾತು ಪ್ರತಿ ಸಲವೂ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಜ್ಯೋತಿ ನಡೆಯಲು, ಮಾತಾಡಲು ಕಲಿತು ವಿರೂಪಮ್ಮನನ್ನು ಅವ್ವ ಅನ್ನತೊಡಗಿದ್ದಳು. ಯಾರೂ ತಿದ್ದಲಿಲ್ಲ. ರಾರಾವಿಯವರು ಬಂದಾಗ ಮಾತ್ರ ವಿರೂಪಮ್ಮನೇ ಮೆಲ್ಲಗೆ, "ದೊಡ್ಡವ್ವ ಅನ್ನವ್ವ" ಎನ್ನುತ್ತಿದ್ದಳು.

ಕಲಿಸಬೇಕೆಂದು ಆಕೆ ಹೊರಟವಳಲ್ಲ. ಕೂಸು ಬೆಳೆದದ್ದೇ ಟ್ರಂಕುಗಳ ನಡುವೆ. ಮೊದಲು ಕಿರೀಟದ ಗಾಜಿನ ಚೂರುಗಳಲ್ಲಿ ತನ್ನ ಮುಖ ಹುಡುಕಿತು. ಆಮೇಲೆ ಇದು ಯಾರದು, ಅದು ಯಾರದು ಎಂದು ಕೇಳಿತು. ರಾಜನ ಕಿರೀಟಕ್ಕೂ ರಕ್ಕಸನ ಕಿರೀಟಕ್ಕೂ ವ್ಯತ್ಯಾಸವೇನು, ರಾಣಿ ಯಾಕೆ ಮೆಲ್ಲಗೆ ಹೆಜ್ಜೆ ಇಡಬೇಕು, ರಕ್ಕಸ ಯಾಕೆ ಬರುವ ಮುಂಚೆಯೇ ಕೂಗಬೇಕು. ಒಂದೊಂದು ಪ್ರಶ್ನೆಗೂ ವಿರೂಪಮ್ಮ ಎದ್ದು ನಿಂತು ಮಾಡಿ ತೋರಿಸುತ್ತಿದ್ದಳು. ಮೈಲಾರಪ್ಪನ ಬಣ್ಣದ ಡಬ್ಬಿಗಳನ್ನು ಕೂಸಿಗೆ ಮುಟ್ಟಗೊಡುತ್ತಿರಲಿಲ್ಲ. ಅರದಾಳ, ಇಂಗಳೀಕದಂಥ ಕಲ್ಲುಬಣ್ಣಗಳು ಎಳೆ ಚರ್ಮಕ್ಕೆ ಒಗ್ಗುವುದಿಲ್ಲವೆಂದು ಅಡುಗೆಮನೆಯ ಅರಿಸಿನ, ಅಕ್ಕಿ ಹಿಟ್ಟು, ಕುಂಕುಮ ಕಲಸಿ ತಾನೇ ಬಣ್ಣ ಮಾಡುತ್ತಿದ್ದಳು. ಕನ್ನಡಿ ಕೈಗೆ ಕೊಟ್ಟು ಅವಳ ಬೆರಳಿನಿಂದಲೇ ಬರೆಸುತ್ತಿದ್ದಳು.

"ಗೆರಿ ಸೊಟ್ಟ ಆತಲ್ಲವ್ವ."

"ಆಗ್ಲಿ. ಸೊಟ್ಟ ಮಾರಿ ರಾಜ ಇರಬಾರದೇನು?"

ಸಂಜೆ ದೀಪ ಹಚ್ಚಿದ ಮೇಲೆ ಆಟ. ಎರಡು ಟ್ರಂಕುಗಳ ನಡುವೆ ಹಳೆ ಸೀರೆ ಕಟ್ಟಿದರೆ ಅದೇ ಪರದೆ. ಬಯಲಾಟದಲ್ಲಿ ಹೊಸ ಪಾತ್ರ ಬಂದಾಗಲೆಲ್ಲ ಸಾರಥಿ ಎದುರು ನಿಂತು ಹೆಸರು, ಊರು ವಿಚಾರಿಸುತ್ತಾನಲ್ಲ, ಆ ಸಾರಥಿ ವಿರೂಪಮ್ಮ. "ಬಂದಂಥಾ ತಾವು ದಾರು? ತಮ್ಮ ಸ್ಥಳ ಯಾವುದು? ನಾಮಾಂಕಿತವೇನು?" ಪರದೆಯ ಹಿಂದಿನಿಂದ ಮೊದಲು ಕೈ, ಆಮೇಲೆ ಕಿರೀಟದ ತುದಿ, ಕೊನೆಗೆ ಅರಿಸಿನದ ಮುಖ. ನನ್ನ ಮಗಳು ರಶ್ಮಿ ಅವಳ ಓರಗೆಯವಳು, ದಿನವೂ ಅಲ್ಲೇ ಇರುತ್ತಿದ್ದಳು. ಊಟಕ್ಕೆ ಕರೆಯಲು ಹೋದ ನಾನೂ ಬಾಗಿಲಲ್ಲಿ ನಿಂತುಬಿಡುತ್ತಿದ್ದೆ. ಮೈಲಾರಪ್ಪ ಡಬ್ಬಿ ಬಡಿದು ತಾಳ ಹಾಕುತ್ತಿದ್ದ. ಆ ಹೊತ್ತಿನಲ್ಲಿ ಮಾತ್ರ ವಿರೂಪಮ್ಮನ ದನಿ ಪೂರ್ತಿ ಬಿಚ್ಚಿಕೊಳ್ಳುತ್ತಿತ್ತು.

ಜ್ಯೋತಿ ಎರಡನೇ ತರಗತಿಯಲ್ಲಿದ್ದಾಗ ಹಚ್ಚೊಳ್ಳಿಯಲ್ಲಿ ಒಂದು ಬಯಲಾಟ ಗೊತ್ತಾಯಿತು. ಸಾಮಾನು ಹೆಚ್ಚಿದ್ದುದರಿಂದ ಮೈಲಾರಪ್ಪ ಹೆಂಡತಿಯನ್ನೂ ಕೂಸನ್ನೂ ಕರೆದುಕೊಂಡು ಹೋದ. ಆಟದ ಮೊದಲ ಭಾಗದಲ್ಲಿ ಒಬ್ಬ ಬಾಲ ರಾಜಕುಮಾರ ಬಂದು ಹೋಗುತ್ತಾನೆ. ಆ ಪಾತ್ರದ ಹುಡುಗನಿಗೆ ಮಧ್ಯಾಹ್ನದಿಂದ ಜ್ವರ. ಮೇಳದವರು ತಲೆ ಮೇಲೆ ಕೈ ಹೊತ್ತು ಕುಳಿತಿದ್ದಾಗ, ಟ್ರಂಕಿನ ಮೇಲೆ ಕುಳಿತಿದ್ದ ಜ್ಯೋತಿ ಆ ಮಾತುಗಳನ್ನೆಲ್ಲ ಗಡಗಡ ಹೇಳಿದಳು. ಮೇಳದ ಹಿರಿಯರು ಮೈಲಾರಪ್ಪನ ಮುಖ ನೋಡಿದರು. ಮೈಲಾರಪ್ಪ ಹೆಂಡತಿಯ ಮುಖ ನೋಡಿದ.

"ಹೂಂ ಅನ್ನು ಅವ್ವಾ" ಎಂದು ಕೂಸು ಸೆರಗು ಜಗ್ಗಿತು.

ವಿರೂಪಮ್ಮ ಹೂಂ ಅಂದಳು. ಎಷ್ಟೋ ವರ್ಷಗಳ ಮೇಲೆ ನನ್ನೆದುರು ಆ ಗಳಿಗೆಯನ್ನು ನೆನೆದು ಆಕೆ ಹೇಳಿದ್ದಿಷ್ಟು: "ಮ್ಯಾಳದವ್ರು ಕೇಳಿದ್ದು ಅಕಿನ್ನ. ನನಗ ನನ್ನ ಕೇಳಿದಂಗಾತು."

ಕೂಸಿನ ಪಾತ್ರ ಚೆನ್ನಾಗಿಯೇ ಆಯಿತು. ಜನ ಶಿಳ್ಳೆ ಹಾಕಿದರು, ಯಾರೋ ಎದ್ದು ಬಂದು ಕೊರಳಿಗೆ ಹಾರ ಹಾಕಿದರು. ಆದರೆ ಹಚ್ಚೊಳ್ಳಿ ರಾರಾವಿಗೆ ದೂರವಲ್ಲ. ನೋಡಲು ಬಂದವರಲ್ಲಿ ರಾರಾವಿಯವರೂ ಇದ್ದರು. ವೇಷದ ಟ್ರಂಕುಗಳು ಬಳ್ಳಾರಿಗೆ ವಾಪಸಾಗುವ ಮುಂಚೆಯೇ ಸುದ್ದಿ ಹುಲುಗೇಶನ ಮನೆ ಮುಟ್ಟಿತ್ತು.

ಆ ವಾರವೇ ಹುಲುಗೇಶನ ತಾಯಿ ಮಂಜಮ್ಮ ಮಗನನ್ನು ಕರೆದುಕೊಂಡು ಬಂದಳು. ನಮ್ಮ ಮನೆಯ ಬಾಗಿಲಿಗೆ ಎಲ್ಲವೂ ಕೇಳುತ್ತಿತ್ತು. ಆಕೆ ಕೂಗಾಡಲಿಲ್ಲ, ಅದೇ ಹೆಚ್ಚು ಬಿಗಿಯಾಗಿತ್ತು. ಕೊಟ್ಟ ನೀರು ಕುಡಿದು, ಲೋಟ ಕೆಳಗಿಟ್ಟು ಹೇಳಿದಳು.

"ನಿಮ್ಮ ಉಪಕಾರ ನಾ ಮರೆಯಂಗಿಲ್ಲ ವಿರೂಪಮ್ಮ. ಕೂಸಿನ್ನ ಬದುಕಿಸಿ ಕೊಟ್ಟೀರಿ. ಆದ್ರ ನಮ್ಮ ಮನಿ ಹುಡುಗಿ ಮಂದ್ಯಾಗ ಬಣ್ಣ ಹಚ್ಚಿ ಕುಣದಾಳ ಅಂತ ಕೆನಾಲ್ ಮ್ಯಾಲ ಕುಂತ ಗಂಡಸರು ಮಾತಾಡಾಕತ್ಯಾರ. ನಾಳೆ ಅಕಿನ್ನ ನೋಡಾಕ ಬಂದವ್ರು ಏನಂತಾರ?"

"ಸಣ್ಣ ಕೂಸರಿ ಅದು. ಗಂಡು ಪಾತ್ರ ಮಾಡೇತಿ, ಅದೂ ಒಂದೀಟು ಹೊತ್ತು. ಇನ್ನ ಮಾಡ್ಸಂಗಿಲ್ಲ" ಎಂದಳು ವಿರೂಪಮ್ಮ.

"ಮಾಡ್ಸಂಗಿಲ್ಲ ಅಂತೀರಿ. ಮನಿ ತುಂಬ ಅದ ಐತಲ್ಲ. ನಿಮಗ ಮಕ್ಕಳಿದ್ದಿದ್ರ..." ಮಂಜಮ್ಮ ಅಷ್ಟಕ್ಕೇ ನಿಲ್ಲಿಸಿದಳು. ಆಮೇಲೆ, "ಅಕಿ ಅರಿವಿ ಕಟ್ಟಿ ಕೊಡ್ರಿ. ಸಿರುಗುಪ್ಪದ ಸಾಲಿಗೆ ವ್ಯಾನ್ ಬರತೈತಿ. ಅಲ್ಲೇ ಹಾಕ್ತೀವಿ" ಎಂದಳು.

ಹುಲುಗೇಶ ತಲೆ ಎತ್ತಲಿಲ್ಲ. ಮೈಲಾರಪ್ಪ ಏನೋ ಹೇಳಲು ಬಾಯಿ ತೆರೆದ. ವಿರೂಪಮ್ಮ ಆತನ ಕಡೆ ನೋಡಿ ಬೇಡವೆಂದು ತಲೆಯಾಡಿಸಿದಳು. ಹಡೆದವರ ಕೂಸನ್ನು ಹಡೆದವರು ಕೇಳಿದಾಗ ಕೊಡುವುದಿಲ್ಲ ಅನ್ನಲು ತಮಗೆ ಏನು ಹಕ್ಕು ಎಂಬುದು ಆಕೆಯ ಲೆಕ್ಕ. ಅದನ್ನು ಇಂದಿಗೂ ಆಕೆ ತಪ್ಪು ಅನ್ನುವುದಿಲ್ಲ.

ಜ್ಯೋತಿ ಊರಿಗೆ ಹೋಗುವ ಖುಷಿಯಲ್ಲಿ ಹೊಸ ಫ್ರಾಕು ಹಾಕಿಕೊಂಡು ನಿಂತಿದ್ದಳು. ನಾಲ್ಕು ದಿನ ಇದ್ದು ಬರುವುದೆಂದೇ ಅವಳು ತಿಳಿದಿದ್ದಳು. ರಶ್ಮಿಗೆ, "ನಾ ಬರೂತನಕ ಮುಂದಿನ ಕತಿ ಕೇಳಬ್ಯಾಡ" ಎಂದು ತಾಕೀತು ಮಾಡಿ ಆಟೋ ಹತ್ತಿದಳು.

ಮೊದಮೊದಲು ವಿರೂಪಮ್ಮ ತಿಂಗಳಿಗೊಮ್ಮೆಯಾದರೂ ರಾರಾವಿಗೆ ಹೋಗುತ್ತಿದ್ದಳು. ಬಳ್ಳಾರಿಯಿಂದ ಸಿರುಗುಪ್ಪ, ಅಲ್ಲಿಂದ ಇನ್ನೊಂದು ಬಸ್ಸು. ಸಿರುಗುಪ್ಪದ ಸ್ಟ್ಯಾಂಡಿನಲ್ಲಿ ಇಳಿದರೆ ಅಕ್ಕಿ ಗಿರಣಿಗಳಿಂದ ಬೇಯಿಸಿದ ಭತ್ತದ ವಾಸನೆ. ಆ ವಾಸನೆ ಮೂಗಿಗೆ ಬಡಿದ ಕೂಡಲೆ, ಕೂಸು ಹತ್ತಿರ ಬಂತೆಂದು ಸೆರಗು ಸರಿಮಾಡಿಕೊಳ್ಳುತ್ತಿದ್ದಳಂತೆ. ಮಂಜಮ್ಮ ಮರ್ಯಾದೆ ಕಡಿಮೆ ಮಾಡುತ್ತಿರಲಿಲ್ಲ. ಬಿಸಿ ಅನ್ನ ಬಡಿಸುತ್ತಿದ್ದಳು, ಹೊರಡುವಾಗ ಕುಪ್ಪಸದ ಖಣ ಕೊಡುತ್ತಿದ್ದಳು. ಆದರೆ ಇಬ್ಬರನ್ನೇ ಬಿಟ್ಟು ಏಳುತ್ತಿರಲಿಲ್ಲ.

ಜ್ಯೋತಿ ಮೊದಲ ಸಲ ಓಡಿ ಬಂದು ಕಾಲು ಕಟ್ಟಿಕೊಂಡಳು. ಮುಂದಿನ ಸಲ ಬಾಗಿಲ ಮರೆಯಲ್ಲಿ ನಿಂತು ಅಜ್ಜಿಯ ಮುಖ ನೋಡಿ ಆಮೇಲೆ ಬಂದಳು. ಕೂದಲನ್ನು ಬಿಗಿಯಾಗಿ ಎರಡು ಜಡೆ ಹಾಕಿದ್ದರು. ಬಾಯಲ್ಲಿ ಇಂಗ್ಲಿಷ್ ರೈಮು. "ದೊಡ್ಡವ್ವ, ಆರಾಮ ಅದೀಯೇನು?" ಎಂದು ದೊಡ್ಡವರ ಹಾಗೆ ಕೇಳಿದಳು. ಯಾರೂ ಹೇಳಿಕೊಡದೆ ಅವಳೇ ದೊಡ್ಡವ್ವ ಅಂದದ್ದು ಅದೇ ಮೊದಲು. ಬಸ್ಸಿನಲ್ಲಿ ವಾಪಸು ಬರುವಾಗ ವಿರೂಪಮ್ಮನಿಗೆ ಆ ಒಂದು ಶಬ್ದ ಬಿಟ್ಟು ಬೇರೇನೂ ಕಿವಿಯಲ್ಲಿ ಉಳಿದಿರಲಿಲ್ಲ.

ಒಂದು ದಿನ ಹಿತ್ತಲಲ್ಲಿ ಬಟ್ಟೆ ಒಣಗಹಾಕುತ್ತ ತಂಗಿ ಈರಮ್ಮ ಹೇಳಿದಳು. ಅವಳು ಅಕ್ಕನ ಮುಖ ನೋಡಲಿಲ್ಲ.

"ಅಕ್ಕಾ, ನೀ ಬಂದು ಹೋದ ಮ್ಯಾಲ ಅಕಿ ಹಾಡಾಕ ಚಾಲೂ ಮಾಡ್ತಾಳ. ನನ್ನ ಸೀರಿ ಕಟ್ಟಿ ಪರದಿ ಅಂತಾಳ. ಅತ್ತಿ ಹೊಡಿತಾಳ. ಮೊನ್ನಿ ಬಾಸುಂಡಿ ಬಂದಿತ್ತು."

"ನೀ ಬಿಡಿಸ್ಕೊಳ್ಳಿಲ್ಲೇನು?"

"ನಡುವ ಹೋದ್ರ ಹೊಡತ ಹೆಚ್ಚಾಕ್ಕೈತಿ."

"ಹಂಗಾದ್ರ ನಾ ಬರಬ್ಯಾಡ ಅಂತೀ."

ಈರಮ್ಮ ಒದ್ದೆ ಸೀರೆಯನ್ನು ಜಾಡಿಸಿ ಹಗ್ಗಕ್ಕೆ ಹಾಕಿದಳು. ವಿರೂಪಮ್ಮ ಆಮೇಲೆ ರಾರಾವಿಗೆ ಹೋಗಲಿಲ್ಲ. ಹಬ್ಬಕ್ಕೆ ಬಟ್ಟೆ ಕಳಿಸಿದಳು, ಹಪ್ಪಳ ಸಂಡಿಗೆ ಕಳಿಸಿದಳು, ತಾನು ಹೋಗಲಿಲ್ಲ. ಸಿರುಗುಪ್ಪದ ಬಸ್ಸು ನಿಲ್ಲುವ ಜಾಗಕ್ಕೆ ಹೋಗಿ ಕುಳಿತು ಬಸ್ಸು ಹೋದ ಮೇಲೆ ಎದ್ದು ಬಂದದ್ದೂ ಉಂಟು. ಆ ವಿಷಯ ಹೇಳಿದವನು ಮೈಲಾರಪ್ಪ. ಮನೆಯಲ್ಲಿ ಗುನುಗು ನಿಂತಿತು. ಸಂಜೆ ನಮ್ಮ ಮಷೀನುಗಳು ನಿಂತ ಮೇಲೆ ಓಣಿಯಲ್ಲಿ ಬರೀ ನಿಶ್ಶಬ್ದ.

ರಶ್ಮಿಗೆ ಅದನ್ನು ತಡೆಯಲಾಗಲಿಲ್ಲ. ಮುಂದಿನ ಕಥೆ ಹೇಳಬೇಕೆಂದು ಆ ಮನೆಯ ಕಟ್ಟೆಯ ಮೇಲೆ ಹಟ ಹಿಡಿದು ಕುಳಿತಳು. ವಿರೂಪಮ್ಮ ಮೊದಲು, "ನಿಮ್ಮವ್ವ ಬೈತಾಳ, ಹೋಗು" ಎಂದು ಕಳಿಸಿದಳು. ಮತ್ತೆ ಮತ್ತೆ ಬಂದಾಗ ಕೈಹಿಡಿದು ನಮ್ಮ ಮನೆಗೇ ಕರೆತಂದಳು. ನಾನು ಜೇಬು ಹೊಲಿಯುತ್ತ ಕುಳಿತಿದ್ದೆ.

"ನಿನ್ನ ಮಗಳಿಗೆ ಹೇಳಿಕೊಡಬೇಕಂದ್ರ ನೀನೂ ಬಂದು ಕುಂದ್ರಬೇಕು. ನಾ ಏನ್ ಹೇಳಿಕೊಡ್ತೀನಿ ಅನ್ನದು ನಿನ್ನ ಕಣ್ಣಿಗೆ ಬೀಳಬೇಕು. ಆಮ್ಯಾಲ ನನಗ ಗೊತ್ತಿದ್ದಿಲ್ಲ ಅನ್ನಬಾರದು" ಎಂದಳು.

"ನನಗ್ಯಾಕ ಬೇಕಕ್ಕ ಅವೆಲ್ಲ? ನನಗ ಏನೂ ಬರಂಗಿಲ್ಲ" ಎಂದೆ.

"ನಿಮ್ಮವ್ವ ನಿನ್ನ ತೊಟ್ಟಲಾ ತೂಗೂ ಮುಂದ ಬಾಯಿ ಮುಚ್ಚಿಕೊಂಡಿದ್ಲೇನು?"

ನನ್ನ ಅವ್ವ ಆದೋನಿ ಕಡೆಯವಳು. ತೆಲುಗಿನಲ್ಲಿ ಜೋಗುಳ ಹಾಡುತ್ತಿದ್ದಳು. ಅದು ನನಗೆ ನೆನಪಿದೆಯೆಂಬುದೇ ಆ ಮಾತು ಕೇಳುವವರೆಗೆ ನನಗೆ ಗೊತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ರಶ್ಮಿಯನ್ನು ಕರೆದುಕೊಂಡು ಹೋದೆ, ಟ್ರಂಕಿಗೆ ಒರಗಿ ಕುಳಿತು ಅರ್ಧಂಬರ್ಧ ಹಾಡಿದೆ. ನನ್ನ ಮಗಳು ನನ್ನನ್ನು ಹೊಸಬಳ ಹಾಗೆ ನೋಡಿದಳು. ಮುಂದಿನ ಭಾನುವಾರ ಹಿಂದಿನ ಮನೆಯ ಟೇಲರನ ಹೆಂಡತಿ ಬಂದಳು. ಅವಳು ತಮ್ಮ ಮದುವೆಗಳಲ್ಲಿ ಹೆಂಗಸರು ಹೇಳುವ ಹಾಡೊಂದನ್ನು ಉರ್ದುವಿನಲ್ಲಿ ಹೇಳಿದಳು. ಮಕ್ಕಳು ಅದಕ್ಕೂ ಡಬ್ಬಿ ಬಡಿದವು.

ಹೀಗೆ ಆ ಕೋಣೆ ಮತ್ತೆ ತೆರೆಯಿತು. ವಿರೂಪಮ್ಮನ ಶರತ್ತು ಒಂದೇ, ಮಕ್ಕಳ ಜೊತೆ ಮನೆಯವರೊಬ್ಬರು ಕೂರಬೇಕು. ಮನೆಗೆ ಹೋದ ಮೇಲೂ ವಾರಕ್ಕೊಂದು ಸಂಜೆ ಟಿವಿ ಬಂದ್ ಮಾಡಿ ಒಂದು ಕಥೆಯೋ ಹಾಡೋ ಆಗಬೇಕು. "ನನ್ನ ಮನ್ಯಾಗ ಕಲ್ತಿದ್ದು ನನ್ನ ಮನ್ಯಾಗ ಉಳಿತೈತಿ. ಅದು ನಿಮ್ಮ ಮನಿದಾಗಬೇಕು" ಎನ್ನುತ್ತಿದ್ದಳು. ಗಂಡಸರು ಮೊದಲು ಬಾಗಿಲಿನಲ್ಲಿ ನಿಂತು ನಗುತ್ತಿದ್ದರು. ಆಮೇಲೆ ಒಬ್ಬೊಬ್ಬರೇ ಒಳಗೆ ಬಂದು ಕುಳಿತರು. ಭಾನುವಾರ ಯಾರಾದರೂ ಮಂಡಕ್ಕಿ ತೋಯಿಸಿ ಮಂಡಾಳು ಒಗ್ಗರಣೆ ಮಾಡಿ ತರುತ್ತಿದ್ದರು. ತಿನ್ನುತ್ತ, ನಗುತ್ತ, ಆ ಕೋಣೆ ಮಕ್ಕಳ ಗಲಾಟೆಯಿಂದ ತುಂಬಿ ಹೋಗುತ್ತಿತ್ತು. ಅಷ್ಟು ಮಕ್ಕಳ ನಡುವೆಯೂ ಹೊರಗೆ ಆಟೋ ನಿಂತ ಸದ್ದಾದರೆ ವಿರೂಪಮ್ಮ ತಲೆಯೆತ್ತಿ ಬಾಗಿಲ ಕಡೆ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಜ್ಯೋತಿ ಬಂದಳು, ಆದರೆ ಬಹಳ ವರ್ಷಗಳ ಮೇಲೆ. ಪಿಯುಸಿ ಮುಗಿಸಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿಗೆ ಬಳ್ಳಾರಿಯಲ್ಲೇ ಸೇರಿಕೊಂಡಳು. ಹಾಸ್ಟೆಲಿನಲ್ಲಿ ಉಳಿದಳು. ಸೇರಿ ಎಷ್ಟೋ ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬ್ಯಾಗು ಹೆಗಲಿಗೆ ಹಾಕಿಕೊಂಡು ಓಣಿಗೆ ಬಂದು ನಮ್ಮ ಬಾಗಿಲಲ್ಲಿ ಮನೆ ವಿಚಾರಿಸಿದಳು. ನನಗೆ ಗುರುತು ಸಿಗಲಿಲ್ಲ. ಎದುರಿನ ಮನೆಯೇ ಎಂದು ಅವಳಿಗೂ ಗೊತ್ತಾಗಿರಲಿಲ್ಲ. ನಾನೇ ಜೊತೆಯಲ್ಲಿ ಹೋಗಿ ಬಾಗಿಲು ತಟ್ಟಿದೆ.

ವಿರೂಪಮ್ಮ ಅವಳನ್ನು ನೋಡಿದವಳೇ ಚಾಪೆ ಹಾಸಿದಳು. ಅಪ್ಪಿಕೊಳ್ಳಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗನ್ನು ಮಡಚುತ್ತಿದ್ದಳು. ನೀರು ಕೊಟ್ಟಳು, ಚಹಾ ಇಟ್ಟಳು. ಮೈಲಾರಪ್ಪ ಸಂಭ್ರಮದಿಂದ ಟ್ರಂಕು ತೆಗೆದು ಒಂದೊಂದೇ ಹೊರಗಿಟ್ಟ.

"ನೋಡವ್ವ, ಇದು ನಿಂದ. ಇದನ್ನ ಇಟ್ಕೊಂಡು ಎಲ್ಲೆಲ್ಲಿ ಅಡ್ಡಾಡ್ತಿದ್ದಿ. ನೆಪ್ಪೈತೇನು?"

ಜ್ಯೋತಿ ಸಣ್ಣ ಕಿರೀಟವನ್ನು ಕೈಯಲ್ಲಿ ತಿರುಗಿಸಿ ನೋಡಿದಳು.

"ಇಲ್ಲ ದೊಡ್ಡಪ್ಪ. ನನಗ ಏನೂ ನೆಪ್ಪಿಲ್ಲ."

ಮೈಲಾರಪ್ಪ ಅದನ್ನು ತೆಗೆದುಕೊಂಡು ಸುಮ್ಮನೆ ಒರೆಸತೊಡಗಿದ. ವಿರೂಪಮ್ಮ, "ಸಣ್ಣಾಕಿದ್ದಿ. ಹೆಂಗ ನೆಪ್ಪಿರತೈತಿ" ಎಂದಳು. ಚಹಾ ಕುಡಿದು ಮುಗಿಯುವವರೆಗೆ ಕಾಲೇಜು, ಹಾಸ್ಟೆಲ್ ಊಟ ಇಂಥ ಮಾತು ನಡೆಯಿತು. ನಾನು ಏಳಬೇಕೆಂದುಕೊಳ್ಳುವಾಗ ಜ್ಯೋತಿ ಲೋಟ ಕೆಳಗಿಟ್ಟು ಕೇಳಿದಳು.

"ಒಂದು ಮಾತ್ರ ನೆಪ್ಪೈತಿ. ನಾ ರಸ್ತಾಕ ಹೋಗಿ ಬಸ್ ಕಾಯ್ತಿದ್ದೆ. ನೀ ಇಳಿತೀ ಅಂತ. ನೀ ಯಾಕ ಬರೋದು ಬಿಟ್ಟಿ ದೊಡ್ಡವ್ವ?"

ವಿರೂಪಮ್ಮ ಖಾಲಿ ಲೋಟಗಳನ್ನು ಒಂದರೊಳಗೊಂದು ಇಟ್ಟಳು. ಆಮೇಲೆ, "ನಾ ಬಂದ್ರ ನಿನಗ ಹೊಡಿತಿದ್ರು. ನಿಮ್ಮವ್ವ ಹೇಳಿದ್ಲು" ಎಂದಳು.

"ಹೊಡತ ಎಲ್ಡ್ ದಿನಕ್ಕ ಮಾಯ್ತಿತ್ತು."

ಅಷ್ಟೇ ಅಂದಳು ಹುಡುಗಿ. ದನಿಯಲ್ಲಿ ಸಿಟ್ಟಿರಲಿಲ್ಲ. ಹೇಳಿ ಮುಗಿಸಿ ಬ್ಯಾಗಿನ ಜಿಪ್ಪನ್ನು ಹಾಕುತ್ತ ತೆಗೆಯುತ್ತ ಕುಳಿತಳು. ವಿರೂಪಮ್ಮ ಅಡುಗೆಮನೆಗೆ ಎದ್ದು ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಶೇಂಗಾ ಉಂಡೆಯ ಡಬ್ಬಿ ಇತ್ತು. ಹಾಸ್ಟೆಲಿಗೆ ಒಯ್ಯೆಂದು ಕೊಟ್ಟಳು. ಜ್ಯೋತಿ ತೆಗೆದುಕೊಂಡಳು.

ಆಮೇಲೆ ಅವಳು ಆಗಾಗ ಬರತೊಡಗಿದಳು. ಬಂದಾಗ ತನ್ನ ಕಾಲೇಜಿನ ಮಾತು ಆಡುತ್ತಿದ್ದಳೇ ಹೊರತು ಹಳೆಯದನ್ನು ಕೇಳುತ್ತಿರಲಿಲ್ಲ. ಭಾನುವಾರ ಬಾ ಎಂದು ವಿರೂಪಮ್ಮ ಕರೆಯಲಿಲ್ಲ. ಒಂದು ಭಾನುವಾರ ತಾನಾಗಿ ಬಂದು, ಓಣಿಯ ಮಕ್ಕಳು ಹಾಡುವುದನ್ನು ಬಾಗಿಲ ಬಳಿ ಕುಳಿತು ಕೇಳಿ, ಅರ್ಧದಲ್ಲೇ ಎದ್ದು ಹೋದಳು. ಬೇರೆ ಮಕ್ಕಳು ಆಕೆಯ ಮಡಿಲಿಗೆ ಬೀಳುವುದನ್ನು ನೋಡಲು ಅವಳಿಗೆ ಆಗಿರಲಿಕ್ಕಿಲ್ಲ ಎಂದು ನನಗೆ ಅನ್ನಿಸಿತು. ವಿರೂಪಮ್ಮನಿಗೂ ಅನ್ನಿಸಿರಬೇಕು. ಆಕೆ ಆ ದಿನ ಮಕ್ಕಳನ್ನು ಬೇಗ ಕಳಿಸಿದಳು.

ಕೋರ್ಸು ಮುಗಿದ ಮೇಲೆ ಜ್ಯೋತಿಯ ಮದುವೆಯಾಯಿತು. ಹುಡುಗ ಗವಿಸಿದ್ದೇಶ್, ಕುರುಗೋಡಿನವನು, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟವನು. ಹುಡುಗಿ ನೋಡಲು ಬಂದ ದಿನ ಯಾರೂ ಹಚ್ಚೊಳ್ಳಿಯ ಆಟದ ಮಾತು ಎತ್ತಲಿಲ್ಲ. ಯಾರಿಗೂ ಅದು ನೆನಪಿರಲೂ ಇಲ್ಲ. ಮಂಜಮ್ಮ ಆ ಹೊತ್ತಿಗೆ ತೀರಿಕೊಂಡಿದ್ದಳು. ಮದುವೆಗೆ ಹೋಗಿದ್ದ ವಿರೂಪಮ್ಮ ಅಕ್ಕಿಕಾಳು ಹಾಕಿ, ತಂಗಿಯ ಪಕ್ಕದಲ್ಲಿ ನಿಂತು, ಉಂಡು ಬಂದಳು.

ಜ್ಯೋತಿಗೆ ಹೆಣ್ಣು ಮಗುವಾಯಿತು, ಹೆಸರು ನಾಗಲಕ್ಷ್ಮಿ. ಆ ಮಗು ಮೂರು ದಾಟಿದ ಮೇಲೆ ಒಂದು ಬೆಳಿಗ್ಗೆ ಜ್ಯೋತಿ ಫೋನ್ ಮಾಡಿದಳು. ವಿರೂಪಮ್ಮನಿಗೆ ಕಿವಿ ಮಂದವಾದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿ ಕೊಟ್ಟದ್ದು ನಾನೇ.

"ದೊಡ್ಡವ್ವ, ಇಕಿ ಮೊಬೈಲ್ ಇಲ್ಲಂದ್ರ ಊಟ ಮಾಡಂಗಿಲ್ಲ. ಏನಾರ ಹೇಳಿ ಉಣಸಬೇಕಂದ್ರ ನನ್ನ ಬಾಯಾಗ ಒಂದ್ ಹಾಡಿಲ್ಲ. ನೀ ಬರ್ತೀಯೇನು?"

"ನಿಮ್ಮತ್ತಿ ಮನ್ಯಾಗ ಏನಂತಾರ?"

"ಏನೂ ಅನ್ನಂಗಿಲ್ಲ. ಅಂದ್ರೂ ನಾ ಅದೀನಿ."

ಕುರುಗೋಡಿಗೆ ಆಕೆ ಹೋಗದೆ ಬಹಳ ವರ್ಷವಾಗಿತ್ತು. ತಂದೆಯ ಮನೆ ಕೈಬದಲಾಗಿ ಅಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ. ಮೊದಲ ದಿನ ನಾನೂ ಜೊತೆಗೆ ಹೋದೆ. ಬಸ್ಸಿಳಿದು ಆಕೆ ಆ ಅಂಗಡಿಯ ಮುಂದೆ ನಿಂತಳು, ಒಳಗಿದ್ದವನು ಏನು ಬೇಕೆಂದು ಕೇಳಿದ, ಏನೂ ಇಲ್ಲ ಎಂದು ಮುಂದೆ ನಡೆದಳು.

ಜ್ಯೋತಿಯ ಮನೆಯ ಪಡಸಾಲೆಯಲ್ಲಿ ಕುಳಿತು ಆಕೆ ಮಗುವಿಗೆ ಹಾಡು ಶುರುಮಾಡಿದಳು. ಮಗು ಸ್ವಲ್ಪ ಹೊತ್ತು ಕೇಳಿತು, ಕುಂಕುಮಕ್ಕೆ ಬೆರಳದ್ದಿ ತನ್ನ ಹೊಟ್ಟೆಗೆ ಬಳಿದುಕೊಂಡಿತು, ಆಮೇಲೆ ಬೆಕ್ಕಿನ ಹಿಂದೆ ಓಡಿತು. ವಿರೂಪಮ್ಮ ಹಾಡು ನಿಲ್ಲಿಸಿ ನೀರಿಗೆ ಕೈಚಾಚಿದಳು. ಎದುರಿಗೆ ಕುಳಿತಿದ್ದ ಜ್ಯೋತಿ ಏಳಲಿಲ್ಲ.

"ಮುಂದ ಹೇಳು."

"ಕೂಸು ಹೋತಲ್ಲವ್ವ."

"ನಾ ಇಲ್ಲೇ ಅದೀನಲ್ಲ. ನನಗ ಹೇಳು."

ಹೇಳಿದಳು. ಜ್ಯೋತಿ ಹಿಂದೆ ಹಿಂದೆ ಅಂದಳು. ದನಿ ತಾಳಕ್ಕೆ ಕೂರಲಿಲ್ಲ, ಎತ್ತಬೇಕಾದಲ್ಲಿ ಇಳಿಯಿತು. ಇಬ್ಬರೂ ನಗಲಿಲ್ಲ. ಮತ್ತೆ ಮೊದಲಿನಿಂದ ಹೇಳಿದರು. ಎರಡನೇ ತರಗತಿಯ ಹುಡುಗಿ ಗಡಗಡ ಹೇಳಿದ್ದನ್ನು ಅದೇ ಹುಡುಗಿ ಈಗ ಒಂದೊಂದೇ ಶಬ್ದ ಹಿಡಿದು ಕಲಿಯುತ್ತಿದ್ದಳು.

ಈಗ ವಿರೂಪಮ್ಮ ತಿಂಗಳಿಗೆ ಒಂದೆರಡು ಸಲ ಕುರುಗೋಡಿಗೆ ಹೋಗುತ್ತಾಳೆ. ಮಗು ಒಂದೊಂದು ದಿನ ಕೇಳುತ್ತದೆ, ಒಂದೊಂದು ದಿನ ಇಲ್ಲ. ಮೊಬೈಲು ಪೂರ್ತಿ ಬಿಟ್ಟಿಲ್ಲ. ಜ್ಯೋತಿ ಲ್ಯಾಬಿನ ಕೆಲಸ ಮುಗಿಸಿ ಬಂದು ಅಡುಗೆ ಮಾಡುತ್ತ ಹಾಡುತ್ತಾಳಂತೆ. ತಪ್ಪು ತಪ್ಪಾಗಿಯೇ. ಗವಿಸಿದ್ದೇಶ್ ಒಮ್ಮೆ ಅದನ್ನು ಕೇಳಿ ತನ್ನಜ್ಜನಿಂದ ಕಲಿತ ಒಂದು ತತ್ವಪದದ ತುಣುಕನ್ನು ಹೇಳಿದನಂತೆ. ಮದುವೆಯಾಗಿ ಇಷ್ಟು ವರ್ಷವಾದರೂ ಅವನಿಗೆ ಹಾಡು ಬರುತ್ತದೆಂದು ಜ್ಯೋತಿಗೇ ತಿಳಿದಿರಲಿಲ್ಲ.

ಕಳೆದ ಸಲ ಕುರುಗೋಡಿನಿಂದ ಬಂದ ಸಂಜೆ ವಿರೂಪಮ್ಮ ನಮ್ಮ ಕಟ್ಟೆಯ ಮೇಲೆ ಕುಳಿತಳು. ನಾನು ದಾರ ಕತ್ತರಿಸುತ್ತಿದ್ದೆ. ಮೈಲಾರಪ್ಪ ಎದುರಿನ ಬಾಗಿಲಿನಿಂದಲೇ ಕೂಗಿ ಕೇಳಿದ.

"ಹೆಂಗಾತು ಇವತ್ತು?"

"ಜ್ಯೋತಿ ಒಂದ್ ಪದ ಪೂರ್ತಿ ಹೇಳಿದ್ಲು. ದನಿ ದಪ್ಪ ಐತಿ, ಆದ್ರ ಚಲೋ ಐತಿ" ಎಂದಳು. ಆತ ಒಳಗೆ ಹೋದ ಮೇಲೆ ನನಗೆ ಮಾತ್ರ ಕೇಳುವಂತೆ ಹೇಳಿದಳು. "ಸಣ್ಣಾಕಿದ್ದಾಗ ಅಕಿ ದನಿ ಹೆಂಗಿತ್ತು ಅನ್ನದನ್ನ ಇಷ್ಟ ವರ್ಸ ಕಿವ್ಯಾಗ ಇಟ್ಕೊಂಡಿದ್ದೆ. ಈಗ ನೆನಸಾಕ ಹೋದ್ರ ಈಗಿನ ದನಿನ ಬರತೈತಿ. ಆ ಕೂಸಿಂದು ಕೇಳಸವಲ್ದು."

ರಶ್ಮಿಯನ್ನು ಕೇಳಿದರೆ ಅವಳಿಗೆ ನೆನಪಿರಬಹುದು ಎಂದೆ. ಇರಲಿಕ್ಕಿಲ್ಲ ಎಂದು ವಿರೂಪಮ್ಮ ತಲೆಯಾಡಿಸಿದಳು. ಮೈಲಾರಪ್ಪ ಊಟಕ್ಕೆ ಕರೆದ. ಆಕೆ ಮೊಣಕಾಲು ಹಿಡಿದುಕೊಂಡು ಎದ್ದು ಓಣಿ ದಾಟಿ ಒಳಗೆ ಹೋದಳು.